ಕನ್ನಡದ ಗಗನನೌಕೆ ಯಾವ ಸಪ್ಪಳ ಮಾಡಬೇಕು?

ಇಂಟರ್ನಲ್ಸ್ ಹತ್ತಿರ ಬಂತಂದ್ರೆ ಹಾಸ್ಟೆಲ್‌ನಲ್ಲಿ ಒಂದು ಚಟ ಶುರುವಾಗ್ತದೆ. ಕಿವಿಯಲ್ಲಿ ಇಯರ್‌ಫೋನ್ ಇರ್ತದೆ, ಆದರೆ ಹಾಡು ಇರೋದಿಲ್ಲ. ಕೇಳ್ತಿರೋದು ‘ಸ್ಟಾರ್ ಟ್ರೆಕ್’ ಧಾರಾವಾಹಿಯ ನೌಕೆ ಎಂಟರ್‌ಪ್ರೈಸ್‌ನ ಇಂಜಿನ್ ಸಪ್ಪಳ. ಸುಮ್ಮನೆ ಗುಂಯ್ ಅಂತ, ಏರಿಲ್ಲ ಇಳಿತ ಇಲ್ಲ. ಯೂಟ್ಯೂಬ್‌ನಲ್ಲಿ ಅದರ 24 ಗಂಟೆಯ ವಿಡಿಯೋನೂ ಇದೆ. ಓದೋಕೂ ಅದೇ, ಮಲಗೋಕೂ ಅದೇ. ನೌಕೆ ಇಲ್ಲ, ಇಂಜಿನ್ ಇಲ್ಲ, ಸಪ್ಪಳ ಮಾತ್ರ ಪಕ್ಕಾ.

ಇದರಲ್ಲಿ ತಪ್ಪೇನಿಲ್ಲ. ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯಿಂದ ಬಂದು ಇಲ್ಲಿ ಓದ್ತಿರೋ ನಮ್ಮದೊಂದು ತಕರಾರಿದೆ. ಇಲ್ಲದ ನೌಕೆಯ ಸಪ್ಪಳ 24 ಗಂಟೆ ನಮ್ಮ ಫೋನ್‌ನಲ್ಲಿದೆ. ಇರೋ ಊರಿನ ಸಪ್ಪಳ 24 ನಿಮಿಷ ಕೂಡ ಇಲ್ಲ. ಅದನ್ನು ಹಿಡಿದಿಡಬೇಕು, ಅದೂ ಬೇಗ, ಅದೂ ಎಂಜಿನಿಯರುಗಳ ಹಾಗೆ ಅಳತೆ ಸಮೇತ ಅನ್ನೋದು ನಮ್ಮ ವಾದ.

ಮೊದಲು ನೌಕೆಯ ವಿಷಯ ಮುಗಿಸೋಣ. ನಿರ್ವಾತದಲ್ಲಿ ಶಬ್ದ ಸಾಗೋದಿಲ್ಲ ಅಂತ ಪಿಯುಸಿ ಪಾಸಾದ ಯಾರನ್ನು ಕೇಳಿದ್ರೂ ಹೇಳ್ತಾರೆ. ಅದು ನೌಕೆಯ ಹೊರಗೆ. ಒಳಗೆ ಗಾಳಿ ಇದೆ, ಫ್ಯಾನು, ಪಂಪು, ಮೋಟರು ಇವೆ ಅಂದ್ಮೇಲೆ ಸಪ್ಪಳ ಇರಲೇಬೇಕು. ಆದರೆ ಸ್ಟುಡಿಯೋದ ಸೆಟ್‌ನಲ್ಲಿ ಇರೋದು ಪ್ಲೈವುಡ್ಡು, ಬಣ್ಣ, ಮಿಣಿಮಿಣಿ ಲೈಟು. ಆ ಪ್ಲೈವುಡ್‌ನ ನೌಕೆ ಮಾಡೋದು ಸೌಂಡ್ ಎಡಿಟರ್‌ಗಳ ಕೆಲಸ. 1966ರಲ್ಲಿ ಶುರುವಾದ ಮೊದಲ ‘ಸ್ಟಾರ್ ಟ್ರೆಕ್’ನಲ್ಲಿ ಕ್ಯಾಪ್ಟನ್ ಕೂರೋ ಕೋಣೆ ಅಂದ್ರೆ ಬೀಪ್ ಬೀಪ್ ಸದ್ದು. 1987ರಿಂದ 1994ರವರೆಗೆ ಬಂದ ‘ದಿ ನೆಕ್ಸ್ಟ್ ಜನರೇಷನ್’ನಲ್ಲಿ ಆ ಜಾಗಕ್ಕೆ ತಗ್ಗು ದನಿಯ ಒಂದು ಗುಂಯ್ ಬಂತು. ನಾವು ಕೇಳ್ತಾ ಮಲಗೋದು ಅದನ್ನೇ.

ಈ ಹಿನ್ನೆಲೆ ಸಪ್ಪಳ ಎರಡು ಕೆಲಸ ಮಾಡ್ತದೆ. ಒಂದು, ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಶಾಟ್‌ಗಳ ಹೊಲಿಗೆ ಕಾಣದ ಹಾಗೆ ಮುಚ್ತದೆ. ಎರಡು, ಇಲ್ಲಿ ಜನ ಬದುಕ್ತಿದ್ದಾರೆ, ಎಲ್ಲಾ ಸರಿ ಇದೆ ಅಂತ ಮಾತಿಲ್ಲದೆ ಹೇಳ್ತದೆ. ಅದಕ್ಕೇ ಇಂಥ ಕಥೆಗಳಲ್ಲಿ ಅಪಾಯ ತೋರಿಸೋಕೆ ಬಾಂಬೇ ಹಾಕಬೇಕಂತಿಲ್ಲ. ಆ ಗುಂಯ್ ನಿಲ್ಲಿಸಿದ್ರೆ ಸಾಕು, ನೋಡೋರ ಎದೆ ಝಲ್ ಅಂತದೆ. ನಿಜವಾದ ಅಂತರಿಕ್ಷ ನಿಲ್ದಾಣದಲ್ಲೂ ಕತೆ ಹೀಗೇ. ತೂಕವೇ ಇಲ್ಲದ ಕಡೆ ಬಿಸಿ ಗಾಳಿ ತಾನಾಗಿ ಮೇಲೇರೋದಿಲ್ಲ. ಫ್ಯಾನ್ ನಿಂತರೆ ಮಲಗಿದವರು ಬಿಟ್ಟ ಉಸಿರು ಅವರ ಮುಖದ ಸುತ್ತಲೇ ನಿಲ್ತದೆ. ಹಾಗಾಗಿ ಅಲ್ಲಿ ಹಗಲೂ ರಾತ್ರಿ ಫ್ಯಾನ್ ಸದ್ದು ಇರಲೇಬೇಕು. ಅಲ್ಲಿ ನಿಶ್ಶಬ್ದ ಅಂದ್ರೆ ಅಪಾಯ.

ಇದೇ ಮಾತು ನಮ್ಮ ಬನಹಟ್ಟಿಗೂ ಅನ್ವಯಿಸ್ತದೆ.

ರಬಕವಿ-ಬನಹಟ್ಟಿಯ ನೇಕಾರರ ಓಣಿಯಲ್ಲಿ ಕಾಲಿಟ್ಟೋರಿಗೆ ಗೊತ್ತು. ಸಪ್ಪಳ ಕಿವಿಗಿಂತ ಮೊದಲು ಕಾಲಿಗೆ ತಾಗ್ತದೆ. ಪಾವರ್‌ಲೂಮ್‌ನಲ್ಲಿ ಒಂದು ಕೋಲು ಲಾಳಿಯನ್ನು ಹೊಡೆದು ಈ ಕಡೆಯಿಂದ ಆ ಕಡೆಗೆ ಎಸೀತದೆ. ಲಾಳಿ ಹೋಗಿ ಪೆಟ್ಟಿಗೆಗೆ ಬಡಿದು ನಿಲ್ತದೆ. ಹಣಿಗೆ ಬಂದು ಹೊಕ್ಕಿನ ನೂಲನ್ನು ಒತ್ತಿ ಕೂಡಿಸ್ತದೆ. ಇದು ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ. ಹೊರಗಿನವರಿಗೆ ಎಲ್ಲಾ ಒಂದೇ ಖಟ್ ಖಟ್. ಮಗ್ಗದ ಮನೆಯವರಿಗೆ ಹಾಗಲ್ಲ. ಪಕ್ಕದ ಕೋಣೆಯಲ್ಲಿ ಕೂತಿದ್ರೂ ಯಾವ ಮಗ್ಗದ ತಾಳ ತಪ್ಪಿದೆ ಅಂತ ಅವರಿಗೆ ತಿಳೀತದೆ. ನಾವು ಮೆಕ್ಯಾನಿಕಲ್‌ನಲ್ಲಿ ಕಂಡಿಷನ್ ಮಾನಿಟರಿಂಗ್ ಅಂತ ಒಂದಿಡೀ ಅಧ್ಯಾಯ ಓದಿ, ಸೆನ್ಸರ್ ಹಚ್ಚಿ ಮಾಡೋ ಕೆಲಸ ಅದು.

ಕರೆಂಟ್ ಹೋಯ್ತು ಅನ್ನಿ. ಓಣಿಗೆ ಓಣಿಯೇ ಒಮ್ಮೆಲೇ ಗಪ್‌ಚುಪ್. ಧಾರಾವಾಹಿಯಲ್ಲಿ ನೌಕೆಯ ಸಿಬ್ಬಂದಿ ತಲೆ ಎತ್ತಿ ಒಬ್ಬರ ಮುಖ ಒಬ್ಬರು ನೋಡ್ತಾರಲ್ಲ, ಹಾಗೆ ಇಲ್ಲೂ ಮಂದಿ ಹೊರಗೆ ಬರ್ತಾರೆ. ಕೂಲಿ ಎಷ್ಟು ನೇಯ್ದರೋ ಅಷ್ಟಕ್ಕೆ. ಮಗ್ಗ ನಿಂತಷ್ಟು ಹೊತ್ತು ದುಡಿಮೆ ಇಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಉಕ್ಕಿ ಬಂದಾಗ, 2020ರ ಲಾಕ್‌ಡೌನ್‌ನಲ್ಲಿ, ನಮ್ಮ ಕಡೆಯವರು ಇಂಥ ಮೌನವನ್ನು ದಿನಗಟ್ಟಲೆ ಕೇಳಿದ್ದಾರೆ. ಸಿಟಿಯವರು ಲಾಕ್‌ಡೌನ್‌ನಲ್ಲಿ ಹಕ್ಕಿ ಹಾಡು ಕೇಳಿಸ್ತು ಅಂತ ಖುಷಿಪಟ್ಟರು. ನೇಕಾರರ ಮನೆಯಲ್ಲಿ ಆ ಮೌನಕ್ಕೆ ಬೇರೆ ಅರ್ಥ ಇತ್ತು.

ಉಳಿದ ಊರುಗಳಿಗೂ ಅವವೇ ಸಪ್ಪಳ ಇವೆ. ಮುಧೋಳದ ಕಡೆ ಕಬ್ಬಿನ ಹಂಗಾಮು ಬಂತಂದ್ರೆ ರಾತ್ರಿಗೆ ರಾತ್ರಿ ಅನ್ನೋ ಅರ್ಥವೇ ಇಲ್ಲ. ಎರಡೆರಡು ಟ್ರೇಲರ್ ಎಳೆದುಕೊಂಡು, ಎದೆ ನಡುಗೋ ಹಾಗೆ ಜಾನಪದ ಹಾಡು ಹಾಕ್ಕೊಂಡು ಟ್ರ್ಯಾಕ್ಟರ್‌ಗಳು ಸಾಲು ಹಿಡೀತವೆ. ಸಮೀರವಾಡಿಯ ಸಕ್ಕರೆ ಕಾರ್ಖಾನೆ ದೂರದಿಂದ ಒಂದೇ ಸಮ ಗುಡುಗ್ತಿರ್ತದೆ. ಮಹಾಲಿಂಗಪುರದ ಸುತ್ತ ಗಾಣ ತಿರುಗೋ ಸದ್ದು, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯೋ ಸದ್ದು. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ನೀರಿನದೇ ಬೇರೆ ದನಿ. ಅಲ್ಲಿ 1989ರಲ್ಲಿ ರೈತರು ತಾವೇ ದುಡ್ಡು ಕೂಡಿಸಿ, ತಾವೇ ದುಡಿದು ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ‘ಶ್ರಮಬಿಂದು ಸಾಗರ’ ಅಂತ ಹೆಸರು. ಆ ಬ್ಯಾರೇಜ್ ಇಲ್ಲದಿದ್ರೆ ಆ ಸದ್ದೂ ಇಲ್ಲ. ಅಂದ್ರೆ ಅದು ನದಿಯದಷ್ಟೇ ಅಲ್ಲ, ರೈತರು ಮಾಡಿದ ಸಪ್ಪಳ.

ಬೀಳಗಿಯದು ಎಲ್ಲಕ್ಕಿಂತ ಅವಸರದ ಮಾತು. ಅನಗವಾಡಿ ಸೇತುವೆ ಮೇಲೆ ಗಾಳಿ ಬೀಸೋ ಸದ್ದು, ಹಿನ್ನೀರಿನ ಹಕ್ಕಿಗಳ ಗದ್ದಲ, ದಂಡೆಯ ಪಂಪ್‌ಸೆಟ್‌ಗಳ ಗೊರಗೊರ. ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಅದು ಜಾರಿಗೆ ಬಂದ ದಿನ ಇನ್ನಷ್ಟು ಹೊಲ, ಇನ್ನಷ್ಟು ಮನೆ ನೀರಿಗೆ ಹೋಗ್ತವೆ. ಸರ್ವೆ ಮಾಡೋರು ಮನೆ ಎಣಿಸ್ತಾರೆ, ಗಿಡ ಎಣಿಸ್ತಾರೆ, ಬಾವಿ ಎಣಿಸ್ತಾರೆ. ಮುಂಜಾನೆ ಐದಕ್ಕೆ ಆ ಊರು ಹೇಗೆ ಕೇಳಿಸ್ತಿತ್ತು ಅಂತ ಬರಕೊಳ್ಳೋಕೆ ಯಾವ ಫಾರ್ಮ್‌ನಲ್ಲೂ ಕಾಲಂ ಇಲ್ಲ.

ಬನಹಟ್ಟಿಯ ಸಪ್ಪಳವೂ ಹೀಗೇ ಉಳೀತದೆ ಅನ್ನೋ ಗ್ಯಾರಂಟಿ ಇಲ್ಲ. ಕುಣಿಮಗ್ಗದ ಸದ್ದನ್ನು ಪಾವರ್‌ಲೂಮ್ ನುಂಗಿತು. ಈಗ ಜವಳಿ ಉದ್ಯಮ ಲಾಳಿಯೇ ಬೇಡದ ರೇಪಿಯರ್ ಮಗ್ಗಗಳ ಕಡೆ ಹೊರಳಿದೆ. ಇನ್ನೊಂದು ಕಡೆ ನಮ್ಮ ಫೋನೇ ಕಳ್ಳತನ ಶುರು ಮಾಡಿದೆ. ಮುಂಚೆ ಮನೆಗೆ ಫೋನ್ ಹಚ್ಚಿದ್ರೆ ಅವ್ವನ ಮಾತಿನ ಹಿಂದೆ ಮಗ್ಗ ಕೇಳ್ತಿತ್ತು. ಈಗಿನ ಫೋನ್‌ಗಳಲ್ಲಿ, ಕರೆ ಮಾಡೋ ಆ್ಯಪ್‌ಗಳಲ್ಲಿ ನಾಯ್ಸ್ ಸಪ್ರೆಷನ್ ಇದೆ. ಒಂದೇ ಸಮ ಬರೋ ಹಿನ್ನೆಲೆ ಸದ್ದನ್ನೆಲ್ಲ ಕಸ ಅಂತ ಗುರುತಿಸಿ ಅದು ಗುಡಿಸಿ ಹಾಕ್ತದೆ. ಅವ್ವನ ದನಿ ಸ್ವಚ್ಛ ಬರ್ತದೆ, ಆದರೆ ಅವ್ವ ಎಲ್ಲಿ ಕೂತು ಮಾತಾಡ್ತಿದ್ದಾಳೆ ಅನ್ನೋದು ಹೋಗ್ತದೆ. ಆ ಅಲ್ಗಾರಿದಮ್ ಬರೆದ ಎಂಜಿನಿಯರ್‌ಗೆ ಬನಹಟ್ಟಿ ಗೊತ್ತಿಲ್ಲ. ನಮಗೆ ಗೊತ್ತಿದೆ.

ಇಲ್ಲೊಂದು ಮಾತನ್ನು ಮುಚ್ಚಿಡಬಾರದು. ಮಗ್ಗದ ಸಪ್ಪಳ ಹಾಸ್ಟೆಲ್‌ನಲ್ಲಿ ಕೂತ ನಮಗೆ ಲಾಲಿ ಹಾಡು ಆಗಬಹುದು. ಅದರೊಳಗೇ ದಿನಕ್ಕೆ ಹತ್ತು ಗಂಟೆ ನಿಂತು ದುಡಿಯೋರಿಗೆ ಅಲ್ಲ. ಲಾಳಿ ಮಗ್ಗದ ಶೆಡ್‌ಗಳಲ್ಲಿ ಶಬ್ದ 90 ಡೆಸಿಬೆಲ್ ದಾಟೋದು ಸಾಮಾನ್ಯ. ನಮ್ಮ ಕಾರ್ಖಾನೆ ನಿಯಮಗಳು ಎಂಟು ಗಂಟೆಯ ಪಾಳಿಗೆ ಇಟ್ಟಿರೋ ಮಿತಿಯೇ 90. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಮೀರಬಾರದು. ಮನೆಯೂ ಅದೇ, ಮಗ್ಗದ ಶೆಡ್ಡೂ ಅದೇ ಆದಾಗ ಯಾವ ಅಂಕಿ ಹಿಡೀಬೇಕು? ಮನೆಯಲ್ಲೇ ನಾಲ್ಕು ಮಗ್ಗ ಹಾಕ್ಕೊಂಡೋರು ಕಾರ್ಖಾನೆ ಲೆಕ್ಕಕ್ಕೇ ಬರೋದಿಲ್ಲ. ಮಗ್ಗದ ಮನೆಯ ಹಿರಿಯರು ಜೋರಾಗಿ ಮಾತಾಡೋದನ್ನು ನೋಡಿ ನಕ್ಕವರು ಬಹಳ ಮಂದಿ ಇದ್ದಾರೆ. ಅದು ಸ್ವಭಾವ ಅಲ್ಲ, ಕಿವಿ ಕೊಟ್ಟ ಬೆಲೆ.

ನೌಕೆಯ ಸಪ್ಪಳಕ್ಕೂ ಮಗ್ಗದ ಸಪ್ಪಳಕ್ಕೂ ಇರೋ ದೊಡ್ಡ ವ್ಯತ್ಯಾಸ ಇದೇ. ಒಂದಕ್ಕೆ ವಾಲ್ಯೂಮ್ ಬಟನ್ ಇದೆ, ಇನ್ನೊಂದಕ್ಕೆ ಇಲ್ಲ. ಹಾಗಾಗಿ ರೆಕಾರ್ಡ್ ಮಾಡೋದಾದ್ರೆ ಅದರ ಪಕ್ಕದಲ್ಲಿ ಡೆಸಿಬೆಲ್ ಅಂಕಿಯೂ ಇರಬೇಕು. ಅಂಕಿ ಇಲ್ಲದ ರೆಕಾರ್ಡಿಂಗ್ ಬರೀ ಸೊಗಸು, ರೆಕಾರ್ಡಿಂಗ್ ಇಲ್ಲದ ಅಂಕಿ ಬರೀ ರಿಪೋರ್ಟು.

“ಏನ್ರಪಾ, ಈ ಸಪ್ಪಳ ತಗೊಂಡು ಏನ್ ಮಾಡ್ತೀರಿ? ಇದರಿಂದ ನೇಕಾರರ ಹೊಟ್ಟಿ ತುಂಬ್ತೈತೇನು?” ಅಂತ ಯಾರಾದ್ರೂ ಕೇಳಿದ್ರೆ ಅದು ನ್ಯಾಯವಾದ ಪ್ರಶ್ನೆ. ನೇರವಾಗಿ ತುಂಬೋದಿಲ್ಲ. ಆದರೆ ಪ್ರತಿ ವರ್ಷ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ನಾವೇನು ಮಾಡ್ತೀವಿ? ಯಾರೋ ಮಾಡಿದ್ದನ್ನು ಡೌನ್‌ಲೋಡ್ ಮಾಡಿ ಕವರ್ ಪೇಜ್ ಬದಲಿಸ್ತೀವಿ. ಅದರ ಬದಲು ಮಗ್ಗದ ಬುಡಕ್ಕೆ ಯಾವ ರಬ್ಬರ್ ಪ್ಯಾಡ್ ಹಾಕಿದ್ರೆ ಎಷ್ಟು ಕಂಪನ ಇಳೀತದೆ, ತಗಡಿನ ಛಾವಣಿಗೆ ಏನು ಹೊದಿಸಿದ್ರೆ ಎಷ್ಟು ಡೆಸಿಬೆಲ್ ಕಮ್ಮಿ ಆಗ್ತದೆ, ನೇಕಾರರು ದಿನವಿಡೀ ಹಾಕ್ಕೊಳ್ಳೋಕೆ ಒಪ್ಪೋ ಇಯರ್‌ಪ್ಲಗ್ ಯಾವುದು ಅಂತ ನೋಡಬಹುದು. ಮಗ್ಗದ ಸದ್ದು ಕೇಳಿ ಅದರ ದೋಷ ಹೇಳೋ ಆ್ಯಪ್ ಬರೀಬಹುದು. ಎಲ್ಲಕ್ಕೂ ಮೊದಲು ಬೇಕಾಗಿರೋದು ಒಳ್ಳೆ ರೆಕಾರ್ಡಿಂಗ್. ಪಾಠ ಹೇಳೋರು ಡೇಟಾ ಸೆಟ್ ಅಂತಾರಲ್ಲ, ಅದು ನಮ್ಮ ಓಣಿಯಲ್ಲೇ ಬಿದ್ದಿದೆ.

ಕಾಲೇಜಿನವರು ಇಂಥದ್ದು ಮಾಡಿದ ಉದಾಹರಣೆಯೂ ಇದೆ. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಆರ್. ಮರ್ರೇ ಶೇಫರ್ ಅನ್ನೋ ಸಂಗೀತಗಾರರು ಒಂದು ತಂಡ ಕಟ್ಟಿ, ತಮ್ಮ ಊರು ವ್ಯಾಂಕೂವರ್‌ನ ಸದ್ದುಗಳನ್ನು ಹಿಡಿದು 1973ರಲ್ಲಿ ಬಿಡುಗಡೆ ಮಾಡಿದರು. ಆಗ ಹೆಗಲ ಮೇಲೆ ಟೇಪ್ ರೆಕಾರ್ಡರ್ ಹೊತ್ತು ಅಲೀಬೇಕಿತ್ತು. ನಮ್ಮ ಜೇಬಿನಲ್ಲೇ ಮೈಕ್ ಇದೆ.

ಹೇಗೆ ಮಾಡೋದು? ವಾಟ್ಸಾಪ್ ವಾಯ್ಸ್ ಮೆಸೇಜ್ ಬೇಡ, ಅದು ಸದ್ದನ್ನು ಹಿಂಡಿ ಹಾಕ್ತದೆ. ವೇವ್ ಫೈಲ್ ಕೊಡೋ ರೆಕಾರ್ಡರ್ ಆ್ಯಪ್ ಹಾಕ್ಕೊಳ್ಳಿ. ನಾಯ್ಸ್ ಸಪ್ರೆಷನ್, ಆಟೋ ಗೇನ್ ಎರಡನ್ನೂ ಆಫ್ ಮಾಡಿ. ಮೈಕ್‌ಗೆ ಗಾಳಿ ಹೊಡೀದ ಹಾಗೆ ತೆಳು ಬಟ್ಟೆ ಸುತ್ತಿ. ಫೋನ್ ಒಂದು ಕಡೆ ಇಟ್ಟು ಹತ್ತು ನಿಮಿಷ ಬಾಯಿ ಮುಚ್ಚಿ ಕೂರಿ. ಊರು, ಓಣಿ, ತಾರೀಖು, ವೇಳೆ, ಯಂತ್ರದಿಂದ ಎಷ್ಟು ದೂರ ಅನ್ನೋದನ್ನು ಬರೆದಿಡಿ. ಫೋನ್‌ನ ಡೆಸಿಬೆಲ್ ಆ್ಯಪ್ ನಂಬಬೇಡಿ, ಲ್ಯಾಬ್‌ನ ಸೌಂಡ್ ಲೆವೆಲ್ ಮೀಟರ್ ಕೇಳಿ ತಗೊಳ್ಳಿ. ಮಗ್ಗದ ಮಾಲೀಕರನ್ನಷ್ಟೇ ಅಲ್ಲ, ನೇಯೋರನ್ನೂ ಕೇಳಿ, ಒಪ್ಪಿದ್ರೆ ಮಾತ್ರ ಮಾಡಿ. ಮುಗಿದ ಮೇಲೆ ಹೆಡ್‌ಫೋನ್ ಅವರಿಗೇ ಕೊಟ್ಟು ಕೇಳಿಸಿ.

ಇನ್ನು ಶೀರ್ಷಿಕೆಯ ಪ್ರಶ್ನೆ. ಬ್ರಿಟನ್ನಿನ ‘ಡಾಕ್ಟರ್ ಹೂ’ ಧಾರಾವಾಹಿಯ ಟಾರ್ಡಿಸ್ ಅನ್ನೋ ಕಾಲಯಂತ್ರದ ಸದ್ದು ಬಂದದ್ದು ಎಲ್ಲಿಂದ ಗೊತ್ತಾ? 1963ರಲ್ಲಿ ಬಿಬಿಸಿಯ ಬ್ರಯನ್ ಹಾಡ್ಜ್‌ಸನ್ ಹಳೇ ಪಿಯಾನೋದ ತಂತಿ ಮೇಲೆ ಮನೆ ಕೀಲಿಕೈಯಿಂದ ಗೀಚಿದರು, ಅದನ್ನು ಟೇಪ್‌ನಲ್ಲಿ ಹಿಗ್ಗಿಸಿ ತಿರುಗಿಸಿ ಸದ್ದು ಕಟ್ಟಿದರು. ಮನೆಯ ಕೀಲಿಕೈ ಬಾಹ್ಯಾಕಾಶಕ್ಕೆ ಹೋಯ್ತು. ಹಾಗಾದ್ರೆ ಲಾಳಿ ಯಾಕೆ ಹೋಗಬಾರದು? ಆಡಾಸಿಟಿಯಲ್ಲಿ ಮಗ್ಗದ ಸದ್ದನ್ನು ನಾಲ್ಕು ಪಟ್ಟು ನಿಧಾನ ಮಾಡಿ, ದನಿ ಎರಡು ಆಕ್ಟೇವ್ ಕೆಳಗಿಳೀತದೆ. ಅದರ ಕೆಳಗೆ ನಮ್ಮ ಟ್ರಾನ್ಸ್‌ಫಾರ್ಮರ್‌ನ ಗುಂಯ್ ಇಡಿ. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಆ ಗುಂಯ್ 100 ಹರ್ಟ್ಜ್. ಅಮೆರಿಕದ್ದು 60, ಅಲ್ಲಿನ ಟ್ರಾನ್ಸ್‌ಫಾರ್ಮರ್ 120ರಲ್ಲಿ ಗುಂಯ್‌ಗುಡ್ತದೆ. ಗುಂಯ್‌ಗೂ ಒಂದು ಸೀಮೆ ಇದೆ ನೋಡಿ!

ಮುಂದೊಂದು ದಿನ ಕನ್ನಡದಲ್ಲಿ ಗಗನನೌಕೆಯ ಧಾರಾವಾಹಿ ಬಂದೇ ಬರ್ತದೆ, ಬರೆಯೋರು ನಮ್ಮಲ್ಲೇ ಯಾರೋ ಇರಬಹುದು. ಆ ನೌಕೆ ಎಂಟರ್‌ಪ್ರೈಸ್‌ನ ಸಾಲ ತಂದು ಗುಂಯ್ ಅನ್ನೋದು ಬೇಡ. ಈ ರಜೆಗೆ ಊರಿಗೆ ಹೋಗೋರು ತಲಾ ಹತ್ತು ನಿಮಿಷ ತನ್ನಿ. ನಾಲ್ಕು ತಾಲ್ಲೂಕಿನವರಿಂದಲೇ ಶುರು ಮಾಡ್ತೀವಿ, ಬೇರೆ ಕಡೆಯವರೂ ಕೂಡಿಕೊಳ್ಳಿ. ಬರೋ ಸಂಚಿಕೆ ಓದೋಕಷ್ಟೇ ಅಲ್ಲ, ಕೇಳೋಕೂ ಇರಲಿ.