ಹುಲ್ಲುಹಾಸಿಗೆ ಮೊದಲು ಕಳೆಯ ಚಿಂತೆ

ಪಟ್ಟಣದ ಅಂಚಿನಲ್ಲಿ ಹೊಸ ಬಡಾವಣೆ ಎದ್ದೊಡನೆ ನಿವಾಸಿಗಳ ಸಂಘ ಹುಟ್ಟುತ್ತದೆ. ಸಂಘ ಹುಟ್ಟಿದೊಡನೆ ಉದ್ಯಾನದ ಮಾತು ಬರುತ್ತದೆ. ಉದ್ಯಾನವೆಂದರೆ ಬೆಂಗಳೂರಿನಲ್ಲಿ ಕಂಡಂತಹ ಹಸಿರು ಹುಲ್ಲುಹಾಸು, ಸುತ್ತಲೂ ಕತ್ತರಿಸಿದ ಬೇಲಿಗಿಡ, ನಡುವೆ ಕಾರಂಜಿ ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ಚಳ್ಳಕೆರೆ, ಮೊಳಕಾಲ್ಮೂರಿನಂತಹ ಬಯಲುಸೀಮೆಯಲ್ಲಿ ಇದು ಆರೋಗ್ಯಕ್ಕೆ ಒಗ್ಗುವ ಉದ್ಯಾನವೇ ಎಂಬುದನ್ನು ವಂತಿಗೆ ಎತ್ತುವ ಮೊದಲೇ ಯೋಚಿಸಬೇಕು.

ನೀರಿನ ಲೆಕ್ಕ

ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿಯೇ ಇರಬೇಕಾದರೆ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. 200 ಚದರ ಮೀಟರಿನ ಸಣ್ಣ ಹಾಸಿಗೆ ದಿನಕ್ಕೆ 1,000 ಲೀಟರ್ ಆಯಿತು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬ ವ್ಯಕ್ತಿಗೆ ದಿನಕ್ಕೆ ನಿಗದಿ ಮಾಡಿರುವುದು 55 ಲೀಟರ್. ಅಂದರೆ 18 ಜನರ ನೀರನ್ನು ಹುಲ್ಲು ಕುಡಿಯುತ್ತದೆ!

ಈ ನೀರು ಬರುವುದು ಬಹುಮಟ್ಟಿಗೆ ಕೊಳವೆಬಾವಿಯಿಂದ. ಚಿತ್ರದುರ್ಗ ಜಿಲ್ಲೆಯ ಅನೇಕ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆ, ಹಿರಿಯರ ಬಿಗಿದ ಕೀಲು, ಬಾಗಿದ ಬೆನ್ನು ನಮಗೆ ಹೊಸದಲ್ಲ. ಇಂತಹ ಕಡೆ ಉದ್ಯಾನದ ಜಾಗ ನೆಲದಿಂದ ನೀರೆತ್ತುವ ಬದಲು ಮಳೆನೀರನ್ನು ನೆಲಕ್ಕೆ ಇಂಗಿಸುವಂತಿರಬೇಕು.

ಸೊಳ್ಳೆಯ ಮಾತೂ ಇದೆ. ಡೆಂಗೆ ಹರಡುವ ಈಡಿಸ್ ಸೊಳ್ಳೆಗೆ ಚರಂಡಿಯೇ ಆಗಬೇಕೆಂದಿಲ್ಲ. ಹೂಕುಂಡದ ತಟ್ಟೆ, ನಿಂತುಹೋದ ಕಾರಂಜಿ, ಮುಚ್ಚಳವಿಲ್ಲದ ತೊಟ್ಟಿಯ ತಿಳಿನೀರು ಸಾಕು. ವಾರ ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಇವನ್ನು ಬರಿದು ಮಾಡಿ, ಉಜ್ಜಿ ಒಣಗಿಸಬೇಕು.

ನಿಜವಾದ ಶತ್ರು

ಹುಲ್ಲುಹಾಸಿನ ಚರ್ಚೆಯಲ್ಲಿ ಎಲ್ಲರೂ ಮರೆಯುವುದು ಖಾಲಿ ನಿವೇಶನಗಳ ಪಾರ್ಥೇನಿಯಂ ಅನ್ನು. ಜನ ಕಾಂಗ್ರೆಸ್ ಕಳೆ ಎನ್ನುವ ಈ ಗಿಡ 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು ದೇಶವನ್ನೆಲ್ಲ ಆವರಿಸಿತು. ಕರ್ನಾಟಕ ಸರ್ಕಾರ 1975ರಲ್ಲೇ ಇದನ್ನು ಹಾನಿಕಾರಕ ಕಳೆ ಎಂದು ಘೋಷಿಸಿತು. ಇದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಆದರೂ ಒಂದೇ ಗಿಡ ಸಾವಿರಾರು ಬೀಜ ಉದುರಿಸುವುದರಿಂದ ಕಳೆ ಸೋತಿಲ್ಲ.

ಇದರ ಪರಾಗ ಕೆಲವರಲ್ಲಿ ಸೀನು, ಮೂಗು ಸೋರುವಿಕೆ, ಉಬ್ಬಸ ತರುತ್ತದೆ. ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಚರ್ಮದ ಅಲರ್ಜಿಗೆ ಕಾರಣ. ಕಣ್ಣಿನ ರೆಪ್ಪೆ, ಕತ್ತು, ಮೊಣಕೈಯ ಮಡಿಕೆಗಳಲ್ಲಿ ತುರಿಕೆ ಶುರುವಾಗಿ ಚರ್ಮ ದಪ್ಪಗಾಗುತ್ತದೆ. ಗಿಡವನ್ನು ಮುಟ್ಟದವರಿಗೂ ಗಾಳಿಯಲ್ಲಿ ಬಂದ ಅದರ ಒಣಪುಡಿಯಿಂದ ತೊಂದರೆಯಾಗಬಹುದು. ಒಮ್ಮೆ ಅಲರ್ಜಿ ಅಂಟಿದರೆ ಬಹುಕಾಲ ಕಾಡುತ್ತದೆ. ಅಂಗಡಿಯಲ್ಲಿ ಕೇಳಿ ತಂದ ಮುಲಾಮು ಹಚ್ಚುತ್ತ ಕೂರದೆ ಚರ್ಮವೈದ್ಯರನ್ನು ಕಾಣಬೇಕು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಬಡಾವಣೆಯ ಕಳೆ ಕೀಳುವವರು ಹೆಚ್ಚಾಗಿ ದಿನಗೂಲಿಯ ಹೆಂಗಸರು. ಬರಿಗೈಯಲ್ಲಿ, ಬರಿಗಾಲಲ್ಲಿ, ಹೂಬಿಟ್ಟ ಗಿಡಗಳ ನಡುವೆ ಇಡೀ ದಿನ ಬಗ್ಗಿರುತ್ತಾರೆ. ನಮ್ಮ ಮಕ್ಕಳ ಮೂಗು ಕಾಪಾಡಲು ಅವರ ಚರ್ಮವನ್ನು ಬಲಿಕೊಡುವುದು ನ್ಯಾಯವಲ್ಲ. ಕೈಗವಸು, ತುಂಬುತೋಳಿನ ಅಂಗಿ, ಮೂಗಿಗೆ ಬಟ್ಟೆ, ಕಾಲಿಗೆ ಬೂಟು, ಕೆಲಸ ಮುಗಿದ ಮೇಲೆ ತೊಳೆದುಕೊಳ್ಳಲು ಸೋಪು ನೀರು ಇವಿಷ್ಟನ್ನು ಒದಗಿಸುವುದು ಸಂಘದ ಹೊಣೆ. ಮಳೆ ಬಿದ್ದ ಮೇಲೆ, ನೆಲ ಹಸಿಯಿದ್ದಾಗ, ಹೂ ಬರುವ ಮುನ್ನ ಬೇರುಸಹಿತ ಕೀಳಿಸಿದರೆ ಕೆಲಸವೂ ಹಗುರ, ಅಪಾಯವೂ ಕಡಿಮೆ. ತೆರವಾದ ಜಾಗದಲ್ಲಿ ತಂಗಡಿ, ಚೆಂಡುಹೂ ಬೆಳೆಸಿದರೆ ಕಳೆ ಮತ್ತೆ ತಲೆಯೆತ್ತುವುದು ಕಷ್ಟ.

ನಮ್ಮ ಸೀಮೆಯ ಹಸಿರು

ಹಾಗಾದರೆ ಹಸಿರೇ ಬೇಡವೇ? ಖಂಡಿತ ಬೇಕು. ಚಳ್ಳಕೆರೆ ಸೀಮೆಯ ಅಮೃತಮಹಲ್ ಕಾವಲುಗಳನ್ನು ನೋಡಿ. ಹನಿ ನೀರು ಹಾಯಿಸದೆ ತಲೆಮಾರುಗಳ ಕಾಲ ದನಕುರಿಗಳನ್ನು ಸಾಕಿದ ಹುಲ್ಲುಗಾವಲು ಅದು. ಬೇಸಿಗೆಯಲ್ಲಿ ಹಳದಿಯಾಗುತ್ತದೆ, ಮೊದಲ ಮಳೆಗೆ ಚಿಗುರುತ್ತದೆ. ಹುಲ್ಲು ಒಣಗಿದ ಮಾತ್ರಕ್ಕೆ ಸತ್ತಂತಲ್ಲ. ಗಣೇಶನಿಗೆ ಏರಿಸುವ ಗರಿಕೆಯ ಗುಣವೂ ಇದೇ. ಮಕ್ಕಳು ಆಡುವಷ್ಟು ಜಾಗಕ್ಕೆ ಗರಿಕೆ ಸಾಕು. ತೆನೆ ಬಿಡುವ ಮುನ್ನ ಕತ್ತರಿಸುತ್ತಿದ್ದರೆ ಪರಾಗದ ಕಾಟವೂ ಇರುವುದಿಲ್ಲ.

ಉಳಿದ ಜಾಗಕ್ಕೆ ಬೇವು, ಹೊಂಗೆ, ಹುಣಸೆ ಇರಲಿ. ವಯಸ್ಕರು ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಏಪ್ರಿಲ್ ಬಿಸಿಲಿನಲ್ಲಿ ಸಕ್ಕರೆ ಕಾಯಿಲೆಯ ಅಜ್ಜ, ರಕ್ತದೊತ್ತಡದ ಅಮ್ಮ ನಡೆಯಬೇಕಾದರೆ ಬೇಕಾದುದು ನೆರಳು. ಹುಲ್ಲುಹಾಸು ನೆರಳು ಕೊಡುವುದಿಲ್ಲ.

ಮುಂದಿನ ಸಭೆಯಲ್ಲಿ ಖರ್ಚಿನ ಪಟ್ಟಿ ಬರೆಯುವಾಗ ಮೊದಲು ಕಳೆ, ಆಮೇಲೆ ನೆರಳು, ಆಮೇಲೆ ಇಂಗುಗುಂಡಿ ಎಂದು ಬರೆಯಿರಿ. ಖಾಲಿ ನಿವೇಶನದ ಮಾಲೀಕರಿಗೂ, ನಗರಸಭೆ ಅಥವಾ ಪಟ್ಟಣ ಪಂಚಾಯಿತಿಗೂ ಮಳೆಗಾಲಕ್ಕೆ ಮುನ್ನವೇ ಪತ್ರ ಹೋಗಲಿ. ಇಷ್ಟಾದ ಮೇಲೂ ಹಣ, ನೀರು ಮಿಕ್ಕಿದರೆ ಹುಲ್ಲುಹಾಸಿನ ಮಾತಾಡೋಣ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಗಾದೆ ಹುಲ್ಲುಹಾಸಿಗೂ ಸಲ್ಲುತ್ತದೆ.