ಕೂಸು ರಾತ್ರಿ ಎಚ್ಚರಿದ್ದರೆ ತಪ್ಪು ಯಾರದು?

ನಮ್ಮ ಅಕ್ಕಲಕೋಟೆ ಭಾಗದಲ್ಲಿ ಬಾಣಂತಿಯನ್ನು ಮಾತಾಡಿಸಲು ಬಂದವರು ಮೊದಲು ಕೂಸಿನ ಮೂಗು ಯಾರ ಹಾಂಗದ ಅಂತ ನೋಡುತ್ತಾರೆ. ಎರಡನೆಯ ಮಾತು ಇದೇ: "ರಾತ್ರಿ ನಿದ್ದಿ ಮಾಡ್ತದೇನವ್ವಾ?" ಮರಾಠಿ ಮನೆಯಾದರೆ "ರಾತ್ರೀ ಝೋಪತೋ ಕಾ?" ಭಾಷೆ ಯಾವುದಾದರೇನು, ಪ್ರಶ್ನೆ ಒಂದೇ. ತಾಯಿ "ಇಲ್ಲರೀ" ಅಂದಳೋ, ಉಪದೇಶ ಶುರು. ಹಾಲು ಸಾಲವಲ್ದು, ದಿಟ್ಟಿ ಆಗ್ಯದ, ನೀನೇ ಎತ್ತಿ ಎತ್ತಿ ರೂಢಿ ಮಾಡೀದಿ. ಒಟ್ಟಿನಲ್ಲಿ ತಪ್ಪು ತಾಯಿಯದು, ಇಲ್ಲವೇ ಕೂಸಿನದು. ಮನೆಯ ಉಳಿದವರ ಹೆಸರಿಗೆ ಏನೂ ಇಲ್ಲ.

ಈ ಲೆಕ್ಕ ತಪ್ಪು ಎಂದು ಹೇಳುವುದಕ್ಕೇ ಇಂದು ಬರೆಯುತ್ತಿದ್ದೇನೆ. ನಾನು ಡಾಕ್ಟರನಲ್ಲ. ಬಿಕಾಂ ಓದಿ, ಹಗಲು ಅಂಗಡಿಯೊಂದರ ಲೆಕ್ಕ ಬರೆದು, ಸಂಜೆ ಪೇಪರಿಗೆ ಸುದ್ದಿ ಕಳಿಸುವವನು. ಆದರೆ ಈ ಲೆಕ್ಕದಲ್ಲಿ ಒಮ್ಮೆ ನಾನೇ ದೊಡ್ಡ ತಪ್ಪು ಮಾಡಿದ್ದೇನೆ.

2023ರ ನವೆಂಬರ್ ತಿಂಗಳ ಮಾತು. ಹೆಂಡತಿ ಇಂಡಿ ತಾಲೂಕಿನ ತವರಿನಿಂದ ನಾಲ್ಕು ತಿಂಗಳ ಮಗನನ್ನು ಎತ್ತಿಕೊಂಡು ನಮ್ಮೂರಿಗೆ ಬಂದಿದ್ದಳು. ಕೂಸು ರಾತ್ರಿ ಮೂರು-ನಾಲ್ಕು ಸಲ ಏಳುತ್ತಿತ್ತು. "ನನಗ ಮುಂಜಾನೆ ಕೆಲಸ ಅದಾವ" ಎಂದು ನಾನು ಹೊರಗಿನ ಪಡಸಾಲೆಯಲ್ಲಿ ಹಾಸಿಗೆ ಹಾಕಿಕೊಂಡೆ. ಎಂಟು ದಿನ ಆಗುವಷ್ಟರಲ್ಲಿ ಅವಳ ಕಣ್ಣು ಕೆಂಪಾಗಿ, ಒಲೆಯ ಮುಂದೆ ಕುಂತಲ್ಲೇ ತೂಕಡಿಸುವ ಹಾಗಾಯಿತು. ಓಣಿಯವರೊಬ್ಬರು ನೆಗಡಿ ಔಷಧದ ಹೆಸರು ಹೇಳಿ "ಅರ್ಧ ಚಮಚ ಹಾಕ್ರಿ, ಬೆಳತನಕ ಹೊಳ್ಳಿ ನೋಡೂದಿಲ್ಲ" ಅಂದರು. ಡಾಕ್ಟರ ಚೀಟಿ ಇಲ್ಲದೆಯೇ ಮೆಡಿಕಲ್ ಅಂಗಡಿಯಲ್ಲಿ ಅದು ಸಿಕ್ಕಿತು. ತಂದವನು ನಾನೇ.

ಕೂಸು ಆ ರಾತ್ರಿ ಎಂಟು ತಾಸು ಮಲಗಿತು. ನಮಗೆಲ್ಲ ಖುಷಿ. ಬೆಳಗಾದರೂ ಅದು ಏಳಲಿಲ್ಲ. ಅಲುಗಿಸಿದರೆ ಕಣ್ಣು ಅರೆ ತೆರೆದು ಮತ್ತೆ ಮುಚ್ಚುತ್ತಿತ್ತು, ಬಾಯಿಗೆ ಮೊಲೆ ಕೊಟ್ಟರೆ ಚೀಪಲಿಲ್ಲ. ಸೊಲ್ಲಾಪುರದ 40 ಕಿಲೋಮೀಟರ್ ದಾರಿಯಲ್ಲಿ ಹಿಂದೆ ಕುಂತ ಹೆಂಡತಿ ಒಂದು ಮಾತೂ ಆಡಲಿಲ್ಲ. ಡಾಕ್ಟರರು ಸಂಜೆತನಕ ಇಟ್ಟುಕೊಂಡು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಮಗ ಅತ್ತ. ಅವನ ಅಳು ಕೇಳಿ ನಾನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಡಾಕ್ಟರರು ಬೈಯಲಿಲ್ಲ. ಮರಾಠಿಯಲ್ಲಿ ಒಂದೇ ಮಾತು ಹೇಳಿದರು: "ಹೀ ಝೋಪ ನಾಹೀ, ಗುಂಗೀ ಆಹೇ." ಇದು ನಿದ್ದೆಯಲ್ಲ, ಮಂಪರು.

ಮುಂದಿನ ತಿಂಗಳೇ, 2023ರ ಡಿಸೆಂಬರ್‌ನಲ್ಲಿ, ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಕೂಡಿಸಿದ ನೆಗಡಿ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು, ಬಾಟಲಿಯ ಮೇಲೆಯೇ ಹಾಗೆಂದು ಬರೆಯಬೇಕು ಎಂದು ಕೇಂದ್ರದ ಔಷಧ ನಿಯಂತ್ರಕರು ಸೂಚಿಸಿದ ಸುದ್ದಿ ಬಂತು. 2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತರು. 2 ವರ್ಷದೊಳಗಿನವರಿಗೆ ಕೆಮ್ಮು-ನೆಗಡಿಯ ಸಿರಪ್ ಬರೆದುಕೊಡಬೇಡಿ ಎಂದು ಕೇಂದ್ರ ಆರೋಗ್ಯ ಇಲಾಖೆ ಆಗ ಎಲ್ಲ ರಾಜ್ಯಗಳಿಗೆ ತಿಳಿಸಿತು. ಕಾಯಿಲೆ ಇದ್ದ ಮಕ್ಕಳಿಗೇ ಬೇಡವೆಂದ ಔಷಧವನ್ನು ನಾನು ಕಾಯಿಲೆಯೇ ಇಲ್ಲದ ಕೂಸಿಗೆ, ಮನೆಯವರಿಗೆ ನಿದ್ದೆ ಬೇಕೆಂದು ಕುಡಿಸಿದ್ದೆ.

ನಿದ್ದೆಗೂ ವಯಸ್ಸು ಬರಬೇಕು

ಹುಟ್ಟಿದ ಕೂಸಿಗೆ ಹಗಲು-ರಾತ್ರಿಯ ಗುರುತೇ ಇರುವುದಿಲ್ಲ. ಅದು ದಿನಕ್ಕೆ 14ರಿಂದ 17 ತಾಸು ಮಲಗುತ್ತದೆ, ಆದರೆ ತುಣುಕು ತುಣುಕಾಗಿ. ಹೊಟ್ಟೆ ಸಣ್ಣದು, ತಾಯಿಹಾಲು ಬೇಗ ಅರಗುತ್ತದೆ. ಮೊದಲ ವಾರಗಳಲ್ಲಿ ದಿನಕ್ಕೆ 8ರಿಂದ 12 ಸಲ ಹಾಲು ಬೇಕು. ಅದರಲ್ಲಿ ಕೆಲವು ಸಲ ರಾತ್ರಿಯೇ ಬರುತ್ತದೆ, ಬರಲೇಬೇಕು. ರಾತ್ರಿಯ ಹಾಲು ಬಿಡಿಸಿದರೆ ತಾಯಿಗೆ ಹಾಲೇ ಕಡಿಮೆಯಾಗುತ್ತದೆ.

ಎರಡು-ಮೂರು ತಿಂಗಳ ಹೊತ್ತಿಗೆ ಕೂಸಿನ ಮೈಯಲ್ಲಿ ನಿದ್ದೆ ತರುವ ಮೆಲಟೋನಿನ್ ರಾತ್ರಿ ಹೆಚ್ಚು, ಹಗಲು ಕಡಿಮೆ ಎಂಬ ಕ್ರಮಕ್ಕೆ ಬರುತ್ತದೆ. ಆಗಿನಿಂದ ರಾತ್ರಿಯ ನಿದ್ದೆ ಉದ್ದವಾಗತೊಡಗುತ್ತದೆ. ಆದರೂ ಕೂಸಿನ ನಿದ್ದೆಯ ಒಂದು ಸುತ್ತು ಒಂದು ತಾಸಿನ ಒಳಗೇ ಮುಗಿಯುತ್ತದೆ, ದೊಡ್ಡವರದು ಸುಮಾರು ಒಂದೂವರೆ ತಾಸು. ಪ್ರತಿ ಸುತ್ತಿನ ಕೊನೆಗೆ ಎಲ್ಲರೂ ಅರೆ ಎಚ್ಚರಾಗುತ್ತಾರೆ. ನಾವು ಮಗ್ಗುಲು ಬದಲಿಸಿ ಮಲಗುತ್ತೇವೆ, ಕೂಸು ಕೂಗುತ್ತದೆ. ಅಷ್ಟೇ ವ್ಯತ್ಯಾಸ.

"ರಾತ್ರಿಯೆಲ್ಲ ನಿದ್ದೆ" ಎಂದರೆ ಎಷ್ಟು? 1957ರಲ್ಲಿ ಲಂಡನ್ನಿನಲ್ಲಿ ಮೂರ್ ಮತ್ತು ಉಕೋ ಎಂಬ ಸಂಶೋಧಕರು ನಡುರಾತ್ರಿಯಿಂದ ಬೆಳಗಿನ 5ರವರೆಗೆ ಮಲಗಿದರೆ ಸಾಕೆಂದು ಅಳತೆ ಇಟ್ಟುಕೊಂಡರು. ಬರೀ ಐದು ತಾಸು. ಅವರು ನೋಡಿದ ಕೂಸುಗಳಲ್ಲಿ ಶೇ. 70ರಷ್ಟು 3 ತಿಂಗಳಿಗೆ ಅಷ್ಟು ಮಲಗುತ್ತಿದ್ದವು. ಆದರೆ ಹೀಗೆ ಮಲಗಲು ಕಲಿತವುಗಳಲ್ಲಿ ಸುಮಾರು ಅರ್ಧದಷ್ಟು ಮುಂದೆ ಮತ್ತೆ ಏಳತೊಡಗಿದವು. 2018ರಲ್ಲಿ ಕೆನಡಾದ ಸಂಶೋಧಕರು ನೂರಾರು ಕೂಸುಗಳನ್ನು ನೋಡಿ ಬರೆದದ್ದು ಇನ್ನೂ ಸ್ಪಷ್ಟ: 6 ತಿಂಗಳ ಕೂಸುಗಳಲ್ಲಿ ಶೇ. 38ರಷ್ಟು ಸತತ ಆರು ತಾಸು ಮಲಗುತ್ತಿರಲಿಲ್ಲ, ವರ್ಷ ತುಂಬಿದವುಗಳಲ್ಲಿಯೂ ಶೇ. 28ರಷ್ಟು ಮಲಗುತ್ತಿರಲಿಲ್ಲ. ಹೀಗೆ ಏಳುವ ಕೂಸುಗಳ ಬೆಳವಣಿಗೆ ಉಳಿದವುಗಳಿಗಿಂತ ಹಿಂದೆ ಬಿದ್ದಿರಲಿಲ್ಲ. ಮೊಲೆಹಾಲು ಕುಡಿಯುವ ಕೂಸುಗಳು ಹೆಚ್ಚು ಏಳುತ್ತವೆ ಎಂಬುದೂ ಅದೇ ಅಧ್ಯಯನದಲ್ಲಿ ಕಂಡುಬಂತು. ಅಂದರೆ ಪಕ್ಕದ ಮನೆಯ ಕೂಸು ಮಲಗಿತು, ನಮ್ಮದು ಮಲಗಲಿಲ್ಲ ಎಂದರೆ ರೋಗವೂ ಅಲ್ಲ, ತಾಯಿಯ ಸೋಲೂ ಅಲ್ಲ.

ಹೆದರಬೇಕಾದದ್ದು ಬೇರೆಯೇ ಇದೆ. ಹಾಲಿನ ಹೊತ್ತಿಗೂ ಏಳದಿರುವುದು, ಚೀಪಲು ಬಲವಿಲ್ಲದಿರುವುದು, ಮೈ ಸುಡುವುದು ಇಲ್ಲವೇ ತಣ್ಣಗಾಗುವುದು, ಉಸಿರು ಜೋರಾಗುವುದು. ಇಂಥ ಕೂಸನ್ನು "ಶಾಣ್ಯಾ ಕೂಸು, ಸುಮ್ಮನೆ ಮಲಗ್ಯದ" ಎಂದು ಬಿಡದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಕೂಸನ್ನು ಮಂಪರಿಗೆ ನೂಕುವ ಚಟ ಇಂದಿನದಲ್ಲ. ಮುಂಬಯಿಯ ಗಿರಣಿಗೆ ಹೋಗುವ ತಾಯಂದಿರು ಅಫೀಮಿನ ಬಾಳಗೋಳಿ ಕೊಟ್ಟು ಕೂಸನ್ನು ಮಲಗಿಸಿ ಹೋಗುತ್ತಿದ್ದರು. ಆಗ ಅವರಿಗೆ ಬೇರೆ ದಾರಿ ಇರಲಿಲ್ಲ. ನಮ್ಮ ಮನೆಗಳಲ್ಲಿ ಇಂದಿಗೂ ಬಾಳಗುಟಿಯ ಹೆಸರಿನಲ್ಲಿ ಜಾಯಫಳ, ಅಂದರೆ ಜಾಜಿಕಾಯಿ, ಸಾಣೆಕಲ್ಲಿನ ಮೇಲೆ ತೇಯ್ದು ನೆಕ್ಕಿಸುತ್ತಾರೆ. ಎಷ್ಟು ತೇಯ್ದರೆ ಎಷ್ಟು ಹೊಟ್ಟೆಗೆ ಹೋಯಿತು ಎಂಬ ಅಳತೆ ಯಾರಿಗೂ ಇಲ್ಲ, ಹೆಚ್ಚಾದರೆ ಜಾಜಿಕಾಯಿಯೂ ವಿಷವೇ. ಆರು ತಿಂಗಳತನಕ ತಾಯಿಹಾಲು ಬಿಟ್ಟು ನೀರು ಕೂಡ ಬೇಡ ಎಂದಮೇಲೆ ಗುಟಿ ಎಲ್ಲಿಂದ ಬಂತು? ಹಿರಿಯರ ಬಗ್ಗೆ ಅಗೌರವದಿಂದ ಈ ಮಾತು ಹೇಳುತ್ತಿಲ್ಲ. ಅವರ ತೊಟ್ಟಿಲು, ಜೋಗುಳ, ಎಣ್ಣೆ ನೀರು ಇಂದಿಗೂ ಬೇಕು. ಗುಟಿಯೊಂದನ್ನು ಬಿಡೋಣ.

ತವರು ಬಿಟ್ಟ ಮೇಲೆ

ಚೊಚ್ಚಲ ಬಾಣಂತನ ತವರಿನಲ್ಲಿ ಆಗುವುದು ನಮ್ಮ ರೂಢಿ. ಅಲ್ಲಿ ರಾತ್ರಿ ಅವ್ವ ಏಳುತ್ತಾಳೆ, ಆಯಿ ತೊಟ್ಟಿಲು ತೂಗುತ್ತಾಳೆ, ತಂಗಿ ಬಟ್ಟೆ ಬದಲಿಸುತ್ತಾಳೆ. ಹಾಲು ಕುಡಿಸುವುದೊಂದೇ ಬಾಣಂತಿಯ ಕೆಲಸ. ಮೂರನೆಯ ತಿಂಗಳಿಗೋ ಐದನೆಯ ತಿಂಗಳಿಗೋ ಗಂಡನ ಮನೆಗೆ ಬಂದ ದಿನವೇ ಆ ನಾಲ್ಕು ಜೋಡಿ ಕೈ ಹೋಗಿ ಒಂದು ಜೋಡಿ ಉಳಿಯುತ್ತದೆ. ಹಗಲಿನ ಅಡುಗೆ, ಕಸ, ನೀರು ಮೊದಲಿನಷ್ಟೇ. ಗಂಡಸರಾದ ನಾವು ಮೊದಲ ಮೂರು ತಿಂಗಳ ರಾತ್ರಿಗಳನ್ನು ನೋಡಿಯೇ ಇರುವುದಿಲ್ಲ. ಹೀಗಾಗಿ ಅಳುವ ಕೂಸನ್ನು ಕಂಡು "ಇಲ್ಲಿಗೆ ಬಂದಮ್ಯಾಲೆ ಶುರು ಆತು" ಅನ್ನುತ್ತೇವೆ. ಶುರುವಾದದ್ದು ಅಳುವಲ್ಲ. ಶುರುವಾದದ್ದು ಅವಳ ಒಂಟಿತನ.

ಸೊಲ್ಲಾಪುರದಲ್ಲಿ ಮನೆಯಲ್ಲೇ ಕುಂತು ಸಾವಿರದ ಲೆಕ್ಕದಲ್ಲಿ ಬೀಡಿ ಸುತ್ತುವ ತಾಯಿ ಇದ್ದಾಳೆ. ಜತ್ತ ಭಾಗದಿಂದ ಕಬ್ಬು ಕಡಿಯಲು ಹೋಗಿ, ಕೂಸನ್ನು ಗುಡಿಸಲಿನಲ್ಲಿ ಬಿಟ್ಟು ನಸುಕಿನಲ್ಲಿ ಕೋಯತಾ ಹಿಡಿಯುವ ತಾಯಿ ಇದ್ದಾಳೆ. 26 ವಾರದ ಹೆರಿಗೆ ರಜೆ 2017ರಿಂದ ಕಾಯ್ದೆಯಲ್ಲಿದೆ, ಆದರೆ ಇವರ ಕೈಗೆ ಅದು ಸಿಗುವುದು ಕಷ್ಟ. ಇಂಥ ಮನೆಗಳಲ್ಲಿ "ಕೂಸು ಮಲಗಿದಾಗ ನೀನೂ ಮಲಗು" ಎಂಬ ಉಪದೇಶ ಹೊಟ್ಟೆ ತುಂಬಿಸುವುದಿಲ್ಲ. ಅಲ್ಲಿ ಗಂಡ ಒಂದು ಪಾಳಿ ಹಿಡಿದರೆ ಮಾತ್ರ ಅವಳಿಗೆ ನಾಲ್ಕು ತಾಸು ನಿದ್ದೆ.

ಗಂಡಸು ಹಾಲು ಕುಡಿಸಲಾರ, ಒಪ್ಪಿದೆ. ಉಳಿದದ್ದೆಲ್ಲ ಮಾಡಬಹುದು. ಕೂಸನ್ನು ಎತ್ತಿ ತಾಯಿಯ ಮಗ್ಗುಲಿಗೆ ತರುವುದು, ಕುಡಿದ ಮೇಲೆ ಹೆಗಲಿಗೆ ಹಾಕಿ ತೇಗು ಬರಿಸುವುದು, ಒದ್ದೆ ಬಟ್ಟೆ ತೆಗೆಯುವುದು, ಅಂಗಾತ ಮಲಗಿಸುವುದು. ಆ ಹೊತ್ತಿನಲ್ಲಿ ದೊಡ್ಡ ಲೈಟು, ಟಿವಿ, ಮೊಬೈಲು ಬೇಡ. ಹಗಲು ಬೆಳಕಿನಲ್ಲಿ ಆಡಿಸಿ ರಾತ್ರಿ ಕತ್ತಲೆಯಲ್ಲಿ ಮೆಲ್ಲಗೆ ಮಾತಾಡಿದರೆ ಹಗಲು-ರಾತ್ರಿಯ ಗುರುತು ಕೂಸಿಗೆ ಬೇಗ ಸಿಗುತ್ತದೆ. ಸೊಲ್ಲಾಪುರದಿಂದ ಬಂದ ರಾತ್ರಿಯೇ ನನ್ನ ಹಾಸಿಗೆ ಪಡಸಾಲೆಯಿಂದ ಒಳಗೆ ಬಂತು. ಮಗ ರಾತ್ರಿ ಪೂರ್ತಿ ಮಲಗಿದ್ದು ಹದಿನಾಲ್ಕನೆಯ ತಿಂಗಳಿಗೆ. ಅವನು ತನ್ನ ಹೊತ್ತಿಗೇ ಮಲಗಿದ. ಹೆಂಡತಿಯ ಕಣ್ಣಿನ ಕೆಂಪು ಮಾತ್ರ ಹದಿನೈದು ದಿನದಲ್ಲೇ ಹೋಯಿತು.

ಕೊನೆಗೆ ಸರಕಾರಕ್ಕೆ ಒಂದು ಮಾತು. ಮನೆಗೆ ಬಂದು ಕೂಸನ್ನು ನೋಡುವ ಪದ್ಧತಿಗೆ ದಾರಿ ತೋರಿಸಿದ್ದೇ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಮಾಡಿದ ಕೆಲಸ. ಈಗ ಆಶಾ ಕಾರ್ಯಕರ್ತೆಯರು 42 ದಿನದೊಳಗೆ ಹಲವು ಸಲ, ಆಮೇಲೆ 3, 6, 9, 12, 15ನೆಯ ತಿಂಗಳಿಗೆ ಬರಬೇಕೆಂಬ ನಿಯಮವಿದೆ. ನಮ್ಮ ಹೆಣ್ಣುಮಕ್ಕಳ ಮೊದಲ 42 ದಿನ ಕರ್ನಾಟಕದ ತವರಿನಲ್ಲಿ, ಆಮೇಲಿನ ತಿಂಗಳು ಮಹಾರಾಷ್ಟ್ರದ ಗಂಡನ ಮನೆಯಲ್ಲಿ. ಎರಡು ರಾಜ್ಯದ ನಡುವೆ ಇವರ ಹೆಸರು ಬಿಟ್ಟುಹೋಗಬಾರದು. ತವರಿನಲ್ಲಿ ತಾಯಿ ಕಾರ್ಡು ಕನ್ನಡದಲ್ಲಿ ಸಿಗುತ್ತದೆ, ಇಲ್ಲಿ ಕೈಗೆ ಬರುವ ಕಾಗದ ಮರಾಠಿ. ಕನ್ನಡ ಶಾಲೆ ಕಲಿತ ಹುಡುಗಿ ಅದನ್ನು ಮಡಚಿ ಟ್ರಂಕಿನಲ್ಲಿ ಇಡುತ್ತಾಳೆ. ಅಕ್ಕಲಕೋಟೆ, ಜತ್ತ ತಾಲೂಕಿನ ಕನ್ನಡ ಹಳ್ಳಿಗಳಿಗೆ ಕನ್ನಡದಲ್ಲೂ ಅಚ್ಚು ಹಾಕಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಎರಡೂ ಜಿಲ್ಲಾ ಪರಿಷತ್ತುಗಳು ಇತ್ತ ಲಕ್ಷ್ಯ ಕೊಡಬೇಕು.

ಸರಕಾರ ಮಾಡುವುದು ಮಾಡಲಿ, ನಾವು ಇಂದಿನಿಂದಲೇ ಮಾಡಬಹುದಾದದ್ದು ಒಂದಿದೆ. ಮುಂದಿನ ಸಲ ಬಾಣಂತಿಯನ್ನು ಮಾತಾಡಿಸಲು ಹೋದಾಗ, ಕೂಸು ನಿದ್ದೆ ಮಾಡ್ತದೋ ಇಲ್ಲವೋ ಎಂದು ತಾಯಿಗೆ ಕೇಳಬೇಡಿ. ಅಲ್ಲೇ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಂತ ಗಂಡನಿಗೆ ಕೇಳಿ: "ಏನಪಾ, ನಿನ್ನೆ ರಾತ್ರಿ ನೀ ಎಷ್ಟು ಸಲ ಎದ್ದಿ?"