ಬಾಯಲ್ಲಿ ಕನ್ನಡ ಇದೆ, ಅರ್ಜಿ ಮಾತ್ರ ಇಂಗ್ಲಿಷ್‌ನಲ್ಲಿ

ಸಿಂಧನೂರಿನ ಆರ್‌ಎಚ್ ಕ್ಯಾಂಪ್‌ಗಳಲ್ಲಿ ಮನೆಯೊಳಗೆ ಬಂಗಾಳಿ, ಸಂತೆ ಬಸ್ಸಿನಲ್ಲಿ ನಮ್ಮದೇ ರಾಯಚೂರು ಕನ್ನಡ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದವರು ಇಲ್ಲಿ ನೆಲೆಸಿ ಐವತ್ತು ವರ್ಷ ದಾಟಿತು. ಅವರ ಹಿಂದೆ ಬಂದವರೂ ಇದ್ದಾರೆ. ಇನ್ನೂ ಪೌರತ್ವ ಸಿಗದವರಿಗೆ 2024ರ ಮಾರ್ಚ್ 11ರಂದು ಪ್ರಕಟವಾದ ಸಿಎಎ ನಿಯಮಗಳು ದಾರಿ ತೆರೆದವು. ಅದೇ ವರ್ಷ ಕ್ಯಾಂಪಿನ ಐವರಿಗೆ ಪೌರತ್ವವೂ ಸಿಕ್ಕಿತು.

ಅರ್ಜಿಯಲ್ಲಿ ಭಾಷೆಯ ಷರತ್ತೊಂದಿದೆ. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಒಂದು ಬರಬೇಕು. ಹೆದರಬೇಡಿ, ಪರೀಕ್ಷೆ ಇಲ್ಲ. ಕನ್ನಡವೂ ಆಗುತ್ತದೆ, ಬಂಗಾಳಿಯೂ ಆಗುತ್ತದೆ. ಮಾತನಾಡಲು, ಓದಲು ಇಲ್ಲವೇ ಬರೆಯಲು ಬಂದರೆ ಸಾಕು, ನೀವೇ ಘೋಷಣೆ ಕೊಡಬೇಕು. ಅಕ್ಷರ ಬಾರದ ಅಜ್ಜಿಯೂ ಕೊಡಬಹುದು. ಭಾಷಾ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇನೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಅರ್ಜಿಯ ಶುಲ್ಕವೇ 50 ರೂಪಾಯಿ.

ಲಿಂಗಸುಗೂರು, ಮಸ್ಕಿಯಲ್ಲಿ ನರ್ಸಿಂಗ್ ಓದಿ ಬ್ರಿಟನ್‌ಗೆ ಹೋಗಬೇಕೆನ್ನುವ ಹುಡುಗಿಯರನ್ನು ಕೇಳಿ, ಐಇಎಲ್‌ಟಿಎಸ್ ಅಥವಾ ಒಇಟಿ ಎಂದರೆ ಎಷ್ಟು ಖರ್ಚು, ಎಷ್ಟು ನಿದ್ದೆಗೇಡು ಎಂದು ಹೇಳುತ್ತಾರೆ. ಅದಕ್ಕೆ ಹೋಲಿಸಿದರೆ ನಮ್ಮ ಕಾನೂನು ದೊಡ್ಡ ಮನಸ್ಸಿನದು. ಜನರ ಮಾತನ್ನು ನಂಬಿದೆ.

ನಮ್ಮ ತಕರಾರು ಬೇರೆ. ಕನ್ನಡ ಸಾಕು ಎನ್ನುವ ಆನ್‌ಲೈನ್ ಅರ್ಜಿಯನ್ನು ತುಂಬಲು ಇಂಗ್ಲಿಷ್ ಬೇಕು. ನಿಜವಾದ ಭಾಷಾ ಪರೀಕ್ಷೆ ಇಲ್ಲಿದೆ. ಬಿಸ್ವಾಸ್ ಎಂಬ ಹೆಸರು ಬಂಗಾಳಿಯಿಂದ ಕನ್ನಡಕ್ಕೆ, ಅಲ್ಲಿಂದ ಇಂಗ್ಲಿಷ್‌ಗೆ ಹೋಗುವಷ್ಟರಲ್ಲಿ ವಿಶ್ವಾಸ್ ಆಗಿರುತ್ತದೆ. ಮಂಡಲ್ ಮೊಂಡಲ್ ಆಗಿರುತ್ತಾನೆ. ಆ ದೇಶದಿಂದ ಬಂದಿದ್ದಕ್ಕೆ ಒಂದು ದಾಖಲೆ, 2014ರ ಡಿಸೆಂಬರ್ 31ರೊಳಗೆ ಬಂದಿದ್ದಕ್ಕೆ ಇನ್ನೊಂದು ದಾಖಲೆ ಕೊಡಬೇಕಾದವರಿಗೆ ಒಂದಕ್ಷರ ತಪ್ಪಿದರೂ ತಲೆನೋವು. (ಮಸ್ಕಿಯ ಅಶೋಕನ ಶಾಸನವೂ ನಮ್ಮ ಭಾಷೆಯದಲ್ಲ, ಪ್ರಾಕೃತದ್ದು. ಆದರೆ ಅದನ್ನು ಯಾರೂ ತುಂಬಿ ಸಹಿ ಹಾಕಬೇಕಿರಲಿಲ್ಲ!)

ಜಿಲ್ಲಾಡಳಿತ ದೊಡ್ಡದೇನೂ ಮಾಡಬೇಕಿಲ್ಲ. ಅರ್ಜಿಯ ಪ್ರತಿ ಪ್ರಶ್ನೆಯ ಅರ್ಥವನ್ನು ಕನ್ನಡ, ಬಂಗಾಳಿ ಎರಡರಲ್ಲೂ ಅಚ್ಚು ಹಾಕಿಸಿ ಕ್ಯಾಂಪಿನ ಪಂಚಾಯಿತಿಗಳಲ್ಲಿ, ಗ್ರಾಮ ಒನ್ ಕೇಂದ್ರಗಳಲ್ಲಿ ಇಡಲಿ. ಎರಡೂ ಭಾಷೆ ಬಲ್ಲ ಒಬ್ಬರನ್ನು ವಾರಕ್ಕೊಂದು ದಿನ ಕೂರಿಸಲಿ. ಅಂಥವರನ್ನು ಹೊರಗಿಂದ ಕರೆತರುವುದೂ ಬೇಡ, ಕ್ಯಾಂಪಿನ ಮಕ್ಕಳೇ ಕನ್ನಡ ಶಾಲೆಯಲ್ಲಿ ಓದಿ ದೊಡ್ಡವರಾಗಿದ್ದಾರೆ. ಅಲ್ಲಿಯವರೆಗೆ ಅರ್ಜಿ ಹಾಕುವವರು ಸೈಬರ್ ಸೆಂಟರ್‌ನಲ್ಲಿ ಸಬ್ಮಿಟ್ ಒತ್ತುವ ಮೊದಲು ಹೆಸರು, ಅಪ್ಪನ ಹೆಸರು, ಊರು ಇವಿಷ್ಟನ್ನಾದರೂ ಗಟ್ಟಿಯಾಗಿ ಓದಿಸಿ ಕೇಳಿಸಿಕೊಳ್ಳಿ.